ಹೋಂಸ್ಟೇಗಳಲ್ಲಿ ಅಪರಾಧ ಮತ್ತು ಸಾರ್ವಜನಿಕ ಉಪದ್ರವ: ಮಾಲೀಕರು, ನೆರೆಹೊರೆಯವರು ಹಾಗೂ ಅತಿಥಿಗಳ ಅವಗಾಹನೆಗೆ

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಅನ್ವಯಿಸುವಂತೆ)

ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿ ಹಾಗೂ ಅದರ ಸುತ್ತಲಿನ ಗ್ರಾಮಗಳು ಅಡಿಕೆ ತೋಟಗಳ ಊರುಗಳು. ಇಲ್ಲಿ ಮನೆಗಳು ಬೀದಿಯಲ್ಲಿ ಸಾಲಾಗಿ ನಿಂತಿರುವುದಿಲ್ಲ. ಒಂದೊಂದು ಕಣಿವೆಗೆ ಒಂದೆರಡು ಮನೆ, ಮನೆಯ ಕೆಳಗೆ ತೋಟ, ಮೇಲೆ ಬೆಟ್ಟ, ನಡುವೆ ಕಾಡು ಎಂಬ ರೀತಿಯಲ್ಲಿ ವಸತಿಯಿದೆ. ಮಾಗೋಡು ಜಲಪಾತ, ಜೇನುಕಲ್ಲು ಗುಡ್ಡ, ಸಾತೊಡ್ಡಿ ಜಲಪಾತಗಳನ್ನು ನೋಡಲು ಬರುವ ಪ್ರವಾಸಿಗರು ಇಂತಹ ತೋಟದ ಮನೆಗಳಲ್ಲಿ ತಂಗಲು ಇಷ್ಟಪಡುವುದರಿಂದ ಕಳೆದ ಎರಡು ದಶಕಗಳಲ್ಲಿ ಈ ಭಾಗದಲ್ಲಿಯೂ, ಶಿರಸಿ ಹಾಗೂ ಸಿದ್ದಾಪುರ ತಾಲ್ಲೂಕುಗಳ ಘಟ್ಟದಂಚಿನ ಊರುಗಳಲ್ಲಿಯೂ ಹೋಂಸ್ಟೇಗಳು ಆರಂಭಗೊಂಡಿವೆ. ಅಡಿಕೆಯ ಧಾರಣೆಯನ್ನೇ ನಂಬಿದ್ದ ಕುಟುಂಬಗಳಿಗೆ ಇದು ಎರಡನೆಯ ಆದಾಯ. ಬಹುತೇಕ ಮನೆಗಳು ಯಾವ ದೂರಿಗೂ ಅವಕಾಶವಿಲ್ಲದಂತೆ ನಡೆಯುತ್ತಿವೆ.

ಆದರೆ ಮನೆಗಳ ನಡುವಿನ ಅಂತರವೇ ಈ ಪ್ರದೇಶದ ವಿಶೇಷ ಸಮಸ್ಯೆಯೂ ಆಗಿದೆ. ಪಟ್ಟಣದಲ್ಲಿ ಗಲಾಟೆಯಾದರೆ ಹತ್ತು ನಿಮಿಷದಲ್ಲಿ ಪೊಲೀಸ್ ವಾಹನ ಬರಬಹುದು. ಘಟ್ಟದ ಕಣಿವೆಯ ಮನೆಗೆ ರಾತ್ರಿ ವಾಹನ ತಲುಪಲು ಸಮಯ ಬೇಕು, ಮೊಬೈಲ್ ಸಂಪರ್ಕ ಸಿಗದಿರುವುದೂ ಸಾಮಾನ್ಯ. ಆದ್ದರಿಂದ ಇಲ್ಲಿ ಅಪರಾಧ ಅಥವಾ ಅನಾಹುತ ನಡೆದ ನಂತರ ಸಿಗುವ ನೆರವಿಗಿಂತ, ಅದಕ್ಕೂ ಮೊದಲು ಮನೆಯಲ್ಲಿ ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಇದ್ದರೇ ಎಂಬುದು ಹೆಚ್ಚು ಮುಖ್ಯವಾಗುತ್ತದೆ. ಈ ಪುಟದಲ್ಲಿ ಹೋಂಸ್ಟೇ ನೋಂದಣಿಗೆ ಅರ್ಜಿ ಸಲ್ಲಿಸುವವರು, ಈಗಾಗಲೇ ನಡೆಸುತ್ತಿರುವವರು, ತೊಂದರೆಗೊಳಗಾದ ನೆರೆಹೊರೆಯವರು ಹಾಗೂ ಅತಿಥಿಗಳು ತಿಳಿದಿರಬೇಕಾದ ಅಂಶಗಳನ್ನು ನೀಡಲಾಗಿದೆ.

ಹೋಂಸ್ಟೇ ಎಂದರೆ ಯಾವುದು

ಹೆಸರೇ ಸೂಚಿಸುವಂತೆ ಹೋಂಸ್ಟೇ ಎಂಬುದು ಮೊದಲು ಒಂದು ಮನೆ, ಅನಂತರ ತಂಗುದಾಣ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿಯು ಕನಿಷ್ಠ ಒಂದು ಹಾಗೂ ಗರಿಷ್ಠ 6 ಕೊಠಡಿಗಳನ್ನು, ಅಂದರೆ 12 ಹಾಸಿಗೆಗಳನ್ನು, ಅತಿಥಿಗಳಿಗೆ ನೀಡಲು ಅವಕಾಶ ಕಲ್ಪಿಸಿದ್ದು, ಮಾಲೀಕರು ಅಥವಾ ಅವರ ಕುಟುಂಬದವರು ಅದೇ ಮನೆಯಲ್ಲಿ ವಾಸವಿರಬೇಕೆಂದು ಸ್ಪಷ್ಟಪಡಿಸುತ್ತದೆ. ರಾಜ್ಯದ ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಇದೇ ಕಲ್ಪನೆಯ ಮೇಲೆ ನಿಂತಿದೆ. ಅತಿಥಿಯು ಕುಟುಂಬದ ಊಟ ಉಂಡು, ಆ ಮನೆಯ ರೀತಿ ನೀತಿಗಳೊಂದಿಗೆ ಎರಡು ದಿನ ಇದ್ದು ಹೋಗುವುದು ಇದರ ಉದ್ದೇಶ.

ತೋಟದ ನಡುವೆ ಹೊಸದಾಗಿ ಎಂಟು ಹತ್ತು ಕೊಠಡಿಗಳನ್ನು ಕಟ್ಟಿ, ಈಜುಕೊಳ ನಿರ್ಮಿಸಿ, ವ್ಯವಸ್ಥಾಪಕರೊಬ್ಬರನ್ನು ನೇಮಿಸಿದಲ್ಲಿ ಅದು ರೆಸಾರ್ಟ್ ಅಥವಾ ವಸತಿಗೃಹವಾಗುತ್ತದೆಯೇ ಹೊರತು ಹೋಂಸ್ಟೇ ಆಗುವುದಿಲ್ಲ. ಫಲಕದ ಮೇಲೆ ಏನು ಬರೆಯಲಾಗಿದೆ ಎಂಬುದರಿಂದ ಕಾನೂನಿನ ಸ್ಥಿತಿ ಬದಲಾಗದು. ಅದೇ ರೀತಿ, ಆನ್‌ಲೈನ್ ಕಾಯ್ದಿರಿಸುವಿಕೆಯ ತಾಣಗಳಲ್ಲಿ ಮನೆಯ ಹೆಸರು, ಛಾಯಾಚಿತ್ರಗಳು ಕಾಣಿಸಿಕೊಂಡ ಮಾತ್ರಕ್ಕೆ ಸರ್ಕಾರದ ನೋಂದಣಿ ದೊರೆತಂತೆ ಆಗುವುದಿಲ್ಲ. ಈ ವಿಷಯದಲ್ಲಿ ಅತಿಥಿಗಳಲ್ಲಿಯೂ, ಕೆಲವೊಮ್ಮೆ ಮಾಲೀಕರಲ್ಲಿಯೂ ತಪ್ಪು ತಿಳುವಳಿಕೆಯಿದೆ.

ಮಾಲೀಕರಿಲ್ಲದ ಮನೆ

ಉಪದ್ರವದ ದೂರುಗಳು ಹುಟ್ಟುವ ಬಗೆ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿರುತ್ತಾರೆ. ತಂದೆ ತಾಯಿ ಇಲ್ಲವಾಗಿರುತ್ತಾರೆ ಅಥವಾ ವಯಸ್ಸಾದ ಕಾರಣ ಪೇಟೆಗೆ ಹೋಗಿರುತ್ತಾರೆ. ಖಾಲಿ ಬಿದ್ದ ಹಂಚಿನ ಮನೆಯನ್ನು ಹಾಳಾಗಲು ಬಿಡುವುದಕ್ಕಿಂತ ಯಾರಿಗಾದರೂ ನಡೆಸಲು ಕೊಡುವುದು ಲೇಸೆಂದು ವರ್ಷಕ್ಕಿಷ್ಟು ಎಂದು ಗೊತ್ತುಮಾಡಿ ಕೊಡಲಾಗುತ್ತದೆ. ನಡೆಸುವವರು ಊರಿನವರಲ್ಲ. ಶನಿವಾರ ಸಂಜೆ ಎರಡು ಮೂರು ವಾಹನಗಳಲ್ಲಿ ಇಪ್ಪತ್ತು ಜನ ಬರುತ್ತಾರೆ. ಬೀಗದ ಕೈ ಕೊಟ್ಟ ಕೆಲಸದಾಳು ಒಂಬತ್ತು ಗಂಟೆಗೆ ತನ್ನ ಮನೆಗೆ ಹೋಗುತ್ತಾನೆ. ಅಲ್ಲಿಂದ ಬೆಳಗಿನವರೆಗೆ ಆ ಮನೆಯಲ್ಲಿ ನಡೆಯುವುದಕ್ಕೆ ಹೊಣೆಗಾರರು ಯಾರೂ ಇರುವುದಿಲ್ಲ. ತೋಟದಾಚೆಯ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಇದ್ದಲ್ಲಿ ಅವರು ಆ ಹೊತ್ತಿನಲ್ಲಿ ಹೋಗಿ ಕೇಳಲೂ ಆಗದು, ಕೇಳದೆ ನಿದ್ರಿಸಲೂ ಆಗದು. ಮರುದಿನ ನೋಡಿದರೆ ಕುಡಿಯುವ ನೀರಿನ ಹಳ್ಳದಲ್ಲಿ ಬಾಟಲಿಯ ಚೂರು, ತಟ್ಟೆ ಲೋಟಗಳು. ಬೆಟ್ಟದ ಒರತೆಯಿಂದ ಪೈಪಿನ ಮೂಲಕ ಹರಿದು ಬರುವ ನೀರನ್ನೇ ಕುಡಿಯುವ ಊರಿನಲ್ಲಿ ಇದು ಬರೀ ಅಸಹ್ಯದ ಮಾತಲ್ಲ. ಆ ಹಳ್ಳದ ಕೆಳಭಾಗದ ಎಲ್ಲ ಮನೆಗಳ ಆರೋಗ್ಯದ ಪ್ರಶ್ನೆ.

ಇದೇ ಮನೆಯಲ್ಲಿ ಮಾಲೀಕರು ಅಥವಾ ಕುಟುಂಬದ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತಿದ್ದರೆ ಇವುಗಳಲ್ಲಿ ಹೆಚ್ಚಿನವು ನಡೆಯುವುದಿಲ್ಲ ಎಂಬುದು ಎಲ್ಲರೂ ಒಪ್ಪುವ ಸಂಗತಿ. ಹೊರದೇಶಗಳಲ್ಲಿಯೂ ಅಲ್ಪಾವಧಿಗೆ ಬಾಡಿಗೆ ನೀಡುವ ಮನೆಗಳ ಕುರಿತು ಇದೇ ದಿಕ್ಕಿನ ಕ್ರಮಗಳನ್ನು ಕೈಗೊಳ್ಳಲಾಗಿದೆ. ಅಮೆರಿಕದ ನ್ಯೂಯಾರ್ಕ್ ನಗರವು 2023ರ ಸೆಪ್ಟೆಂಬರಿನಿಂದ, 30 ದಿನಗಳಿಗಿಂತ ಕಡಿಮೆ ಅವಧಿಗೆ ಮನೆ ನೀಡುವವರು ನೋಂದಣಿ ಮಾಡಿಸಿ, ಅತಿಥಿಗಳಿರುವಾಗ ತಾವೂ ಅದೇ ಮನೆಯಲ್ಲಿರಬೇಕೆಂಬ ನಿಯಮವನ್ನು ಜಾರಿಗೊಳಿಸಿದೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರಾಡಳಿತವು ಪ್ರವಾಸಿ ಮನೆಗಳ ಪರವಾನಗಿಗಳನ್ನೇ 2028ರ ವೇಳೆಗೆ ಕೊನೆಗಾಣಿಸುವುದಾಗಿ 2024ರಲ್ಲಿ ಪ್ರಕಟಿಸಿತು.

ಆದಕಾರಣ ಅರ್ಜಿದಾರರು ಮನೆಯನ್ನು ಮೂರನೆಯವರಿಗೆ ನಡೆಸಲು ಕೊಡುವ ಉದ್ದೇಶವಿದ್ದಲ್ಲಿ ಹೋಂಸ್ಟೇ ಎಂದು ನೋಂದಣಿಗೆ ಅರ್ಜಿ ಸಲ್ಲಿಸುವುದು ಸರಿಯಾಗದು. ನೋಂದಣಿ ಪಡೆದ ನಂತರ ಕುಟುಂಬವು ಊರು ಬಿಟ್ಟಲ್ಲಿ ಆ ಬದಲಾವಣೆಯನ್ನು ಇಲಾಖೆಗೆ ತಿಳಿಸತಕ್ಕದ್ದು. ಕರಾರು ಪತ್ರ ಬರೆದುಕೊಟ್ಟ ಮಾತ್ರಕ್ಕೆ ಮಾಲೀಕರ ಹೊಣೆ ಪೂರ್ಣವಾಗಿ ಕಳೆಯುತ್ತದೆ ಎಂದು ಭಾವಿಸಬಾರದು.

ಜಮೀನು ಮತ್ತು ಕಟ್ಟಡ

ಈ ಮೂರು ತಾಲ್ಲೂಕುಗಳಲ್ಲಿ ಅರ್ಜಿಗಳು ತೊಡಕಿಗೆ ಸಿಲುಕುವುದು ಹೆಚ್ಚಾಗಿ ಜಮೀನಿನ ವಿಷಯದಲ್ಲಿ. ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟವು ತೋಟಿಗರಿಗೆ ಸೊಪ್ಪು, ದರಕು, ಸೌದೆ ತರಲು ದತ್ತವಾದ ಸೌಲಭ್ಯವೇ ಹೊರತು ಖಾಸಗಿ ಒಡೆತನದ ಜಮೀನಲ್ಲ. ಅಲ್ಲಿ ಕುಟೀರ ಕಟ್ಟುವುದು, ಪ್ರವಾಸಿಗರಿಗಾಗಿ ಡೇರೆ ಹಾಕುವುದು, ವಾಹನ ನಿಲ್ಲಿಸಲು ನೆಲ ಸಮ ಮಾಡುವುದು ಅರಣ್ಯ ಕಾಯ್ದೆಗಳ ಉಲ್ಲಂಘನೆಯಾಗುತ್ತದೆ. ತೋಟದ ಜಮೀನಿನಲ್ಲಿ ವಾಣಿಜ್ಯ ಉದ್ದೇಶದ ಕಟ್ಟಡ ಕಟ್ಟುವುದಾದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 95ರ ಅನ್ವಯ ಭೂಪರಿವರ್ತನೆಯ ಆದೇಶ ಹಾಗೂ ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ ಅವಶ್ಯ.

ಅನಧಿಕೃತ ಕಟ್ಟಡವು ಎಷ್ಟು ವರ್ಷ ನಡೆದರೂ ಅಧಿಕೃತವಾಗುವುದಿಲ್ಲ ಎಂಬುದಕ್ಕೆ ಹಂಪಿಯ ಎದುರು ದಂಡೆಯಲ್ಲಿರುವ ವಿರೂಪಾಪುರ ಗಡ್ಡೆಯ ಪ್ರಕರಣವೇ ನಿದರ್ಶನ. ಅಲ್ಲಿನ ಅತಿಥಿಗೃಹಗಳ ತೆರವಿನ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು; ಮಾರ್ಚ್ ತಿಂಗಳಿನಲ್ಲಿ ಕಟ್ಟಡಗಳನ್ನು ತೆರವುಗೊಳಿಸಲಾಯಿತು. ಅಲ್ಲಿ ದುಡಿಮೆ ಕಂಡುಕೊಂಡಿದ್ದ ಅನೇಕ ಸ್ಥಳೀಯರು ಬರಿಗೈಯಾದರು.

ಇಳಿಜಾರಿನ ಮನೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ವಜ್ರಳ್ಳಿಗೆ ಸಮೀಪದ ಕಳಚೆಯಲ್ಲಿ 2021ರ ಜುಲೈನಲ್ಲಿ ಭೂಕುಸಿತವಾಗಿ ತೋಟ, ಮನೆ, ರಸ್ತೆಗಳು ಹಾನಿಗೊಂಡವು. ಕೊಠಡಿ ಕಟ್ಟಲೆಂದು ಗುಡ್ಡದ ಬುಡವನ್ನು ಯಂತ್ರದಿಂದ ಕಡಿದು ಧರೆ ನಿಲ್ಲಿಸುವುದು ಅತಿಥಿಗಳಿಗೂ ಕೆಳಗಿನ ಮನೆಯವರಿಗೂ ಅಪಾಯ.

ಅತಿಥಿಗಳ ವಹಿ

ಬಂದವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಬಂದ ಹಾಗೂ ಹೋದ ದಿನಾಂಕ, ವೇಳೆಗಳನ್ನು ವಹಿಯಲ್ಲಿ ನಮೂದಿಸಿ ಸಹಿ ಪಡೆಯತಕ್ಕದ್ದು. ಗುಂಪಿನಲ್ಲಿ ಒಬ್ಬರದ್ದನ್ನು ಮಾತ್ರ ಬರೆದು ಉಳಿದವರನ್ನು 'ಮತ್ತು ಇತರರು' ಎಂದು ನಮೂದಿಸುವ ಪದ್ಧತಿ ವ್ಯಾಪಕವಾಗಿದ್ದು, ಕಳವು ಅಥವಾ ಹಲ್ಲೆಯಾದಾಗ ತನಿಖೆಗೆ ಅಡ್ಡಿಯಾಗುವುದು ಇದೇ ನಮೂದು. ಗುರುತಿಗಾಗಿ ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಆಧಾರ್ ಇವುಗಳಲ್ಲಿ ಯಾವುದಾದರೂ ಒಂದನ್ನು ನೋಡಬಹುದು. ಪಡೆದ ಪ್ರತಿಗಳನ್ನು ಕಂಡ ಕಂಡಲ್ಲಿ ಬಿಡದೆ ಭದ್ರವಾಗಿಡುವುದು ಮಾಲೀಕರ ಹೊಣೆ. ಅಪ್ರಾಪ್ತ ವಯಸ್ಕರು ತಂದೆ ತಾಯಿ ಅಥವಾ ಪೋಷಕರಲ್ಲದವರೊಂದಿಗೆ ಬಂದಲ್ಲಿ ಕೊಠಡಿ ನೀಡುವ ಮುನ್ನ ಪೋಷಕರೊಂದಿಗೆ ಮಾತನಾಡುವುದು ಅವಶ್ಯ. ಸಂಶಯವಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ವಿದೇಶೀಯರು ತಂಗಿದಲ್ಲಿ ಅವರ ವಿವರಗಳನ್ನು 24 ಗಂಟೆಯೊಳಗಾಗಿ ಆನ್‌ಲೈನ್ ಮೂಲಕ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಕಡ್ಡಾಯ. ರೂಢಿಯಲ್ಲಿ 'ಸಿ ನಮೂನೆ' ಎಂದು ಕರೆಯಲಾಗುತ್ತಿದ್ದ ಈ ವರದಿಗೆ ಮೊದಲು ವಿದೇಶೀಯರ ಅಧಿನಿಯಮ, 1946 ಆಧಾರವಾಗಿತ್ತು. 2025ರ ಸೆಪ್ಟೆಂಬರ್ 1ರಿಂದ ಅದರ ಸ್ಥಾನದಲ್ಲಿ ವಲಸೆ ಮತ್ತು ವಿದೇಶೀಯರ ಅಧಿನಿಯಮ, 2025 ಜಾರಿಯಲ್ಲಿದೆ. ಒಂದೇ ಕೊಠಡಿಯ ಹೋಂಸ್ಟೇಗೂ, ಹಣ ಪಡೆಯದೆ ಉಳಿಸಿಕೊಂಡ ಸಂದರ್ಭಕ್ಕೂ ವಿನಾಯಿತಿ ಇದೆಯೆಂದು ತಾವೇ ತೀರ್ಮಾನಿಸದೆ, ಜಿಲ್ಲಾ ಪೊಲೀಸ್ ಕಚೇರಿಯ ವಿದೇಶೀಯರ ನೋಂದಣಿ ಶಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ವಯಸ್ಕರಾದ ಸ್ತ್ರೀ ಪುರುಷರು ವಿವಾಹವಾಗದೆ ಒಟ್ಟಿಗೆ ತಂಗುವುದನ್ನು ಅಪರಾಧವೆನ್ನುವ ಯಾವ ಕಾನೂನೂ ಇಲ್ಲ. ಮದ್ರಾಸ್ ಉಚ್ಚ ನ್ಯಾಯಾಲಯವು 2019ರಲ್ಲಿ ಕೊಯಮತ್ತೂರಿನ ವಸತಿಗೃಹವೊಂದರ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಯಾರಿಗೆ ಕೊಠಡಿ ನೀಡಬೇಕೆಂಬುದು ಮನೆಯವರ ಇಷ್ಟಕ್ಕೆ ಬಿಟ್ಟದ್ದಿರಬಹುದು. ಆದರೆ ನೆರೆಯವರು ಇದೊಂದನ್ನೇ ಕಾರಣವಾಗಿಸಿ ದೂರು ನೀಡಿದಲ್ಲಿ ಪೊಲೀಸರು ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

ರಾತ್ರಿಯ ಶಬ್ದ

ದೂರುಗಳ ಪೈಕಿ ಅತಿ ಸಾಮಾನ್ಯವಾದುದು ಶಬ್ದದ್ದು. ಶಬ್ದ ಮಾಲಿನ್ಯ (ವಿನಿಯಮನ ಮತ್ತು ನಿಯಂತ್ರಣ) ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿಯಿದೆ. ಖಾಸಗಿ ಜಾಗದಲ್ಲಿ ಹಚ್ಚಿದ ಸಂಗೀತದ ಶಬ್ದವು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಮೀರಬಾರದು. 'ನಮ್ಮ ಅಂಗಳದಲ್ಲಿ ನಾವು ಹಚ್ಚಿಕೊಂಡಿದ್ದೇವೆ' ಎಂಬ ಉತ್ತರಕ್ಕೆ ಈ ನಿಯಮದಲ್ಲಿ ಜಾಗವಿಲ್ಲ. ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿ, ತನ್ನ ಮನೆಯೊಳಗಿನ ಶಬ್ದವನ್ನು ಇತರರು ಕೇಳಲೇಬೇಕೆಂದು ಬಲವಂತಪಡಿಸುವ ಹಕ್ಕು ಯಾರಿಗೂ ಇಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದೆ.

ಕಣಿವೆಯ ಊರುಗಳಲ್ಲಿ ಶಬ್ದ ಬಹುದೂರ ಸಾಗುತ್ತದೆ. ಗುಡ್ಡಕ್ಕೆ ತಾಗಿ ಮರಳುವುದರಿಂದ ಸಣ್ಣ ಪೆಟ್ಟಿಗೆಯ ಸದ್ದೂ ಆಚೆ ತೋಟದ ಮನೆಗೆ ಎದೆಗೆ ಬಡಿದಂತೆ ಕೇಳಿಸುತ್ತದೆ. ಪಟ್ಟಣದಿಂದ ಬಂದ ಅತಿಥಿಗೆ ಇದರ ಅರಿವಿರುವುದಿಲ್ಲ, ಹೇಳಬೇಕಾದವರು ಮಾಲೀಕರು. ರಾತ್ರಿಯಿಡೀ ಯಕ್ಷಗಾನ ಆಡುವಾಗ ಇಲ್ಲದ ನಿಯಮ ಹೋಂಸ್ಟೇಗೆ ಮಾತ್ರವೇ ಎಂದು ಕೇಳುವವರಿದ್ದಾರೆ. ನಿಯಮ ಎರಡಕ್ಕೂ ಒಂದೇ. 2022ರಲ್ಲಿ ಕಟೀಲು ಮೇಳಗಳೇ ಇದೇ ನಿಯಮದ ಕಾರಣದಿಂದ ಕಾಲಮಿತಿಯ ಪ್ರದರ್ಶನಕ್ಕೆ ಬದಲಾಗಬೇಕಾಯಿತು ಎಂಬುದನ್ನು ಗಮನಿಸಬಹುದು.

ನಿಯಮದ ಜಾರಿಗೆ ಜಿಲ್ಲಾ ದಂಡಾಧಿಕಾರಿ ಅಥವಾ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ನಿಯೋಜಿತ ಅಧಿಕಾರಿಗಳು ಪ್ರಾಧಿಕಾರವಾಗಿರುತ್ತಾರೆ. ಪರಿಸರ (ಸಂರಕ್ಷಣೆ) ಅಧಿನಿಯಮ, 1986ಕ್ಕೆ ಮಾಡಲಾದ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಉಲ್ಲಂಘನೆಗೆ ರೂ. 10,000ದಿಂದ ರೂ. 15 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಮದ್ಯ, ಮಾದಕ ವಸ್ತು ಹಾಗೂ ಶಿಕಾರಿ

ಅಬಕಾರಿ ಸನ್ನದು ಇಲ್ಲದೆ ಹೋಂಸ್ಟೇಯಲ್ಲಿ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಅಡಿ ಅಪರಾಧ. ಊಟದ ದರದಲ್ಲಿ ಅದರ ಬೆಲೆಯನ್ನು ಸೇರಿಸಿ 'ಉಚಿತ' ಎಂದು ನೀಡಿದರೂ ಅದು ಮಾರಾಟವೇ. ಮಾದಕ ವಸ್ತುಗಳ ವಿಷಯದಲ್ಲಿ ಮಾಲೀಕರು ವಿಶೇಷವಾಗಿ ಅರಿತಿರಬೇಕಾದ ಅಂಶವೆಂದರೆ, ಸ್ವಾಪಕ ಔಷಧಗಳು ಮತ್ತು ಮನೋಪರಿಣಾಮಕ ವಸ್ತುಗಳ ಅಧಿನಿಯಮ, 1985ರ ಕಲಂ 25ರಂತೆ ತನ್ನ ಜಾಗವನ್ನು ಇಂತಹ ಅಪರಾಧಕ್ಕೆ ಬಳಸಲು ತಿಳಿದೂ ಬಿಡುವ ಮಾಲೀಕರು ಅಥವಾ ಸ್ವಾಧೀನದಲ್ಲಿರುವವರು ಮೂಲ ಅಪರಾಧಕ್ಕಿರುವ ಶಿಕ್ಷೆಗೇ ಗುರಿಯಾಗುತ್ತಾರೆ. 2021ರ ಏಪ್ರಿಲ್‌ನಲ್ಲಿ ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ತೋಟವೊಂದರಲ್ಲಿ ರಾತ್ರಿ ನಡೆದಿದ್ದ ಕೂಟದ ಮೇಲೆ ಪೊಲೀಸರು ದಾಳಿ ನಡೆಸಿ ನೂರಕ್ಕೂ ಹೆಚ್ಚು ಮಂದಿಯನ್ನು ವಶಕ್ಕೆ ಪಡೆದಿದ್ದರು. ಊರಿನಿಂದ ದೂರವಿರುವ ತೋಟವನ್ನು ಇಡಿಯಾಗಿ ಒಂದು ರಾತ್ರಿಗೆ ಕೇಳುವವರು, ಹೆಚ್ಚಿನ ಹಣವನ್ನು ನಗದಾಗಿ ಕೊಡಲು ಮುಂದಾಗುವವರು, 'ಕೆಲಸದವರು ಯಾರೂ ಬೇಡ' ಎನ್ನುವವರ ಬಗ್ಗೆ ಎಚ್ಚರದಿಂದಿರುವುದು ಲೇಸು.

ಮನೆಯನ್ನು ವೇಶ್ಯಾವಾಟಿಕೆಗೆ ಬಳಸಲು ಬಿಡುವುದು ಅನೈತಿಕ ವ್ಯವಹಾರ (ತಡೆ) ಅಧಿನಿಯಮ, 1956ರ ಕಲಂ 3ರ ಅಡಿ ದಂಡನೀಯ.

ಬೆಳೆ ರಕ್ಷಣೆಗಾಗಿ ಬಂದೂಕಿನ ಪರವಾನಗಿ ಹೊಂದಿರುವ ಕುಟುಂಬಗಳು ಈ ಭಾಗದಲ್ಲಿ ಸಾಕಷ್ಟಿವೆ. ಅತಿಥಿಯ ಕೈಗೆ ಆ ಬಂದೂಕನ್ನು ಛಾಯಾಚಿತ್ರಕ್ಕಾಗಿ ಕೊಡುವುದೂ ಪರವಾನಗಿ ರದ್ದಾಗಲು ಕಾರಣವಾಗಬಲ್ಲದು. ಶಿಕಾರಿಗೆ ಕರೆದೊಯ್ಯುವುದು, ಕಾಡುಪ್ರಾಣಿಯ ಮಾಂಸವನ್ನು 'ಮಲೆನಾಡಿನ ವಿಶೇಷ'ವೆಂದು ಬಡಿಸುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಂತೆ ಅಪರಾಧ.

ಅತಿಥಿಗಳ ಸುರಕ್ಷತೆ

ಅತಿಥಿಯಿಂದ ಆಗುವ ತೊಂದರೆಯಷ್ಟೇ ಅತಿಥಿಗೆ ಆಗುವ ಅಪಾಯವೂ ಗಂಭೀರ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ಕಾಲುವೆಯ ದಡದಲ್ಲಿ ಕುಳಿತಿದ್ದ ಹೋಂಸ್ಟೇ ಒಡತಿ ಹಾಗೂ ಆಕೆಯ ಅತಿಥಿಗಳ ಮೇಲೆ ದಾಳಿ ನಡೆಯಿತು. ಒಡತಿ ಮತ್ತು ಇಸ್ರೇಲ್ ದೇಶದ ಮಹಿಳೆಯ ಮೇಲೆ ಅತ್ಯಾಚಾರವೆಸಗಲಾಯಿತು. ಕಾಲುವೆಗೆ ತಳ್ಳಲ್ಪಟ್ಟ ಮೂವರು ಪುರುಷರಲ್ಲಿ ಒಡಿಶಾದ ಪ್ರವಾಸಿಯೊಬ್ಬರು ಮೃತಪಟ್ಟರು. ಅವರು ತಮ್ಮ ಪಾಡಿಗೆ ನಕ್ಷತ್ರ ನೋಡಲು ಹೋಗಿದ್ದವರು. ನಿರ್ಜನ ಸ್ಥಳಗಳಿಗೆ ರಾತ್ರಿ ಅತಿಥಿಗಳನ್ನು ಕರೆದೊಯ್ಯುವ ರೂಢಿಯನ್ನು ಮಾಲೀಕರು ಕೈಬಿಡುವುದು, ಅನಿವಾರ್ಯವಿದ್ದಲ್ಲಿ ಮುಂಚಿತವಾಗಿ ಪೊಲೀಸ್ ಠಾಣೆಗೂ, ಅರಣ್ಯ ಪ್ರದೇಶವಾದಲ್ಲಿ ಅರಣ್ಯ ಇಲಾಖೆಗೂ ತಿಳಿಸಿ ಅನುಮತಿ ಪಡೆಯುವುದು ಅವಶ್ಯ. ಜಲಪಾತಗಳ ಬುಡಕ್ಕೆ ಕಳ್ಳದಾರಿಯಿಂದ ಇಳಿಸುವುದನ್ನು ಮಳೆಗಾಲದಲ್ಲಿ ಯಾವ ಕಾರಣಕ್ಕೂ ಮಾಡಬಾರದು.

ಮಂಗಳೂರು ಹೊರವಲಯದ ಸೋಮೇಶ್ವರ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ 2024ರ ನವೆಂಬರ್ 17ರಂದು ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ತೋಟದ ಕೆರೆ, ಹೊಂಡಗಳನ್ನೇ ಈಜುಕೊಳವೆಂದು ಜಾಹೀರು ಮಾಡುವ ಹೋಂಸ್ಟೇಗಳು ಈ ಘಟನೆಯನ್ನು ನೆನಪಿನಲ್ಲಿಡಬೇಕು. ಆಳದ ಸೂಚನಾ ಫಲಕ, ಬೇಲಿ, ಹಗ್ಗ ಹಾಗೂ ಈಜು ಬಲ್ಲವರೊಬ್ಬರು ಇಲ್ಲದ ಕಡೆ ನೀರಿಗೆ ಇಳಿಯಲು ಬಿಡಬಾರದು. ನಿರ್ಲಕ್ಷ್ಯದಿಂದ ಮರಣ ಸಂಭವಿಸಿದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 106ರಡಿ 5 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು.

ಕೊಠಡಿ ಅಥವಾ ಸ್ನಾನಗೃಹದಲ್ಲಿ ಗುಪ್ತ ಕ್ಯಾಮೆರಾ ಇರಿಸುವುದು ಅದೇ ಸಂಹಿತೆಯ ಕಲಂ 77 ಹಾಗೂ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಕಲಂ 66-ಇ ಅಡಿ ಅಪರಾಧ. ಸಿಸಿಟಿವಿ ಕ್ಯಾಮೆರಾಗಳನ್ನು ಗೇಟು, ಅಂಗಳ, ವಾಹನ ನಿಲ್ಲಿಸುವ ಸ್ಥಳಗಳಿಗೆ ಸೀಮಿತಗೊಳಿಸಿ ಅದರ ಫಲಕ ಹಾಕತಕ್ಕದ್ದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಒಣಗಲು ಹಾಕಿದ ಅಡಿಕೆಯ ಕಳವಿನ ದೃಷ್ಟಿಯಿಂದಲೂ ಇದು ಪ್ರಯೋಜನಕಾರಿ. ಮೊಬೈಲ್ ಸಿಗದ ಮನೆಗಳಲ್ಲಿ ಸ್ಥಿರ ದೂರವಾಣಿ ಅಥವಾ ವೈಫೈ ಮೂಲಕ ಕರೆ ಮಾಡುವ ವ್ಯವಸ್ಥೆ ಇರಿಸಿ, ಅದನ್ನು ಬಳಸುವ ಬಗೆಯನ್ನು ಕೊಠಡಿಯಲ್ಲಿ ಬರೆದು ಅಂಟಿಸುವುದು ಸೂಕ್ತ.

ನೆರೆಹೊರೆಯವರು ದೂರು ಸಲ್ಲಿಸುವ ವಿಧಾನ

ಕೂಡಲೇ ನೆರವು ಬೇಕಾದ ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು. ಕರೆ ಮಾಡಿದ ದಿನಾಂಕ, ವೇಳೆ ಬರೆದಿಟ್ಟುಕೊಳ್ಳಬೇಕು. ಮುಂದೆ ಅದೇ ದಾಖಲೆಯಾಗುತ್ತದೆ. ಹಲ್ಲೆ, ಕಳವು, ಮಹಿಳೆಯರಿಗೆ ಕಿರುಕುಳ, ಮಾದಕ ವಸ್ತು ಮುಂತಾದ ಸಂಜ್ಞೇಯ ಅಪರಾಧಗಳ ಮಾಹಿತಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರಂತೆ ಯಾವುದೇ ಠಾಣೆಯಲ್ಲಿ ನೀಡಬಹುದು; ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡಲಾಗುತ್ತದೆ. ಠಾಣೆಯಲ್ಲಿ ದಾಖಲಿಸಲು ನಿರಾಕರಿಸಿದಲ್ಲಿ ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರು, ಕಾರವಾರ ಇವರಿಗೆ ಬರೆಯಬಹುದು.

ಬರೀ ಗದ್ದಲ, ಕಸ, ದಾರಿಗೆ ಅಡ್ಡ ವಾಹನ ನಿಲ್ಲಿಸುವುದು ಇವುಗಳ ಸ್ಥಿತಿ ಬೇರೆ. ಸಾರ್ವಜನಿಕ ಉಪದ್ರವವು ನ್ಯಾಯ ಸಂಹಿತೆಯ ಕಲಂ 292ರಂತೆ ರೂ. 1,000ದವರೆಗಿನ ಜುಲ್ಮಾನೆಗೆ ಒಳಪಡುವ ಅಸಂಜ್ಞೇಯ ಅಪರಾಧವಾಗಿರುವುದರಿಂದ ಪೊಲೀಸರು ತಾವಾಗಿಯೇ ತನಿಖೆ ಆರಂಭಿಸಲು ಬರುವುದಿಲ್ಲ. ದೂರನ್ನು ದಾಖಲಿಸಿ, ದಂಡಾಧಿಕಾರಿಯವರ ಬಳಿ ಹೋಗುವಂತೆ ಹಿಂಬರಹ ನೀಡುತ್ತಾರೆ. ಇದನ್ನು ಕಂಡು 'ದೂರು ತಿರಸ್ಕೃತವಾಯಿತು' ಎಂದು ಅನೇಕರು ನಿರಾಶರಾಗಿ ಸುಮ್ಮನಾಗುತ್ತಾರೆ. ವಾಸ್ತವದಲ್ಲಿ ಆ ಹಿಂಬರಹವೇ ಮುಂದಿನ ಹೆಜ್ಜೆಗೆ ಬೇಕಾದ ಕಾಗದ.

ಮುಂದಿನ ಹೆಜ್ಜೆಯೆಂದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133 ಎಂದರೆ ಹಿರಿಯರಿಗೆ ಬೇಗ ತಿಳಿಯುತ್ತದೆ. ಇದರಡಿ ಉಪವಿಭಾಗೀಯ ದಂಡಾಧಿಕಾರಿಯವರು, ಅಂದರೆ ಈ ಮೂರು ತಾಲ್ಲೂಕುಗಳಿಗೆ ಸಂಬಂಧಿಸಿದಂತೆ ಶಿರಸಿಯ ಉಪವಿಭಾಗಾಧಿಕಾರಿಗಳು, ಉಪದ್ರವವನ್ನು ನಿಲ್ಲಿಸುವಂತೆ ಅಥವಾ ಬಂದು ಕಾರಣ ತಿಳಿಸುವಂತೆ ಷರತ್ತಿನ ಆದೇಶ ಹೊರಡಿಸಬಹುದು. ಸಮುದಾಯದ ಆರೋಗ್ಯಕ್ಕೆ ಅಥವಾ ನೆಮ್ಮದಿಗೆ ಹಾನಿಕರವಾದ ವ್ಯಾಪಾರ, ಉದ್ಯೋಗವೂ ಇದರ ವ್ಯಾಪ್ತಿಗೆ ಬರುತ್ತದೆ. ಹಳ್ಳದ ನೀರು ಕೆಡುವುದು ಇದಕ್ಕೆ ಒಳ್ಳೆಯ ಉದಾಹರಣೆ. ಉಪದ್ರವವನ್ನು ಮುಂದುವರಿಸದಂತೆ ಆದೇಶವಾದ ನಂತರವೂ ಮುಂದುವರಿಸಿದಲ್ಲಿ ನ್ಯಾಯ ಸಂಹಿತೆಯ ಕಲಂ 293ರಂತೆ 6 ತಿಂಗಳವರೆಗೆ ಸಾದಾ ಕಾರಾವಾಸಕ್ಕೆ ಅವಕಾಶವಿದೆ. ತೊಂದರೆಯು ಒಂದೇ ಮನೆಗೆ ಸೀಮಿತವಾಗಿದ್ದಲ್ಲಿ ಮಾತ್ರ ಸಿವಿಲ್ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ.

ಅರ್ಜಿಯಲ್ಲಿ 'ಯಾವಾಗಲೂ ಗಲಾಟೆ' ಎಂದು ಬರೆಯುವುದರಿಂದ ಪ್ರಯೋಜನ ಕಡಿಮೆ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ ವಾಹನಗಳು, ಯಾರ ಯಾರ ಮನೆಗೆ ತೊಂದರೆ ಎಂಬುದನ್ನು ಬರೆದು, ತೊಂದರೆಗೊಳಗಾದ ಎಲ್ಲ ಮನೆಯವರು ಸಹಿ ಮಾಡಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ, ಇನ್ನೊಂದನ್ನು ಕಾರವಾರದಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಮೂರು ನಾಲ್ಕು ವಾರಾಂತ್ಯಗಳ ಇಂತಹ ಟಿಪ್ಪಣಿಯಿದ್ದಲ್ಲಿ ಸ್ಥಳ ಪರಿಶೀಲನೆ ಹಾಗೂ ಮಹಜರು ಸುಲಭವಾಗುತ್ತದೆ. ಮನೆಯು ನೋಂದಣಿಯಾಗಿದೆಯೇ ಎಂಬುದು ತಿಳಿಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಕೇಳಬಹುದು. 30 ದಿನಗಳಲ್ಲಿ ಉತ್ತರ ನೀಡತಕ್ಕದ್ದು. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದಾಗಿದ್ದು 150 ಪದಗಳನ್ನು ಮೀರಬಾರದು.

ದೂರು ನೀಡುವ ಮುನ್ನ ಮಾಲೀಕರಿಗೆ ಒಮ್ಮೆ ಹೇಳಿ ನೋಡುವುದು ಊರಿನ ಪದ್ಧತಿ. ಅದರಿಂದ ಕಾನೂನಿಗೆ ಯಾವ ಬಾಧಕವೂ ಇಲ್ಲ. ಹೇಳಿದ ದಿನಾಂಕವನ್ನು ಮಾತ್ರ ಬರೆದಿಡಬೇಕು.

ಗುಂಪುಗೂಡಿ ಹೋಗುವುದರ ಪರಿಣಾಮ

ಹೋಂಸ್ಟೇಯಲ್ಲಿ ಅನುಚಿತವಾದುದು ನಡೆಯುತ್ತಿದೆ ಎಂಬ ಸಂಶಯದಿಂದ ಗುಂಪುಗೂಡಿ ನುಗ್ಗುವುದು ಸ್ವತಃ ಗಂಭೀರ ಅಪರಾಧ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನಡೆಸಿದ ಹಲ್ಲೆಯ ದೃಶ್ಯಗಳು ದೇಶಾದ್ಯಂತ ಪ್ರಸಾರವಾದವು. ಪ್ರಕರಣವು ಹನ್ನೆರಡು ವರ್ಷ ನಡೆದು, 2024ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳನ್ನು ಖುಲಾಸೆಗೊಳಿಸಿತು. ಹಲ್ಲೆಗೊಳಗಾದ ಯುವತಿಯರಿಗೆ ಆ ಸಂಜೆಯ ದೃಶ್ಯಗಳಿಂದ ಬಿಡುಗಡೆಯಿಲ್ಲ. ಆರೋಪಿಗಳೂ ತಮ್ಮ ವಯಸ್ಸಿನ ಹನ್ನೆರಡು ವರ್ಷಗಳನ್ನು ನ್ಯಾಯಾಲಯದ ಅಂಗಳದಲ್ಲಿ ಕಳೆದರು. ಸಂಶಯ ಬಂದಲ್ಲಿ ಕರೆ ಮಾಡಬೇಕಾದುದು 112ಕ್ಕೆ. ಬಾಗಿಲು ತಟ್ಟುವುದು, ಗುರುತಿನ ಚೀಟಿ ಕೇಳುವುದು, ಮೊಬೈಲಿನಲ್ಲಿ ಚಿತ್ರೀಕರಿಸುವುದು ಯಾವ ಖಾಸಗಿ ವ್ಯಕ್ತಿಯ ಅಧಿಕಾರವೂ ಅಲ್ಲ.

ಕಾಯ್ದಿರಿಸುವ ಮುನ್ನ

ಇಲ್ಲದ ಹೋಂಸ್ಟೇಯ ಹೆಸರಿನಲ್ಲಿ ಅಥವಾ ಇರುವ ಹೋಂಸ್ಟೇಯ ಚಿತ್ರಗಳನ್ನು ಕದ್ದು ಮುಂಗಡ ಹಣ ಪಡೆದು ವಂಚಿಸುವುದು ನಡೆಯುತ್ತಿದೆ. ಪೂರ್ಣ ಹಣವನ್ನು ಮುಂಗಡವಾಗಿ ಕೇಳುವವರು, ಮನೆಯವರೊಂದಿಗೆ ನೇರವಾಗಿ ಮಾತನಾಡಿಸಲು ಒಪ್ಪದವರ ವಿಷಯದಲ್ಲಿ ಜಾಗ್ರತೆ ವಹಿಸುವುದು. ವಂಚನೆಯಾದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ವರ್ಗಾವಣೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸೇವಾ ನ್ಯೂನತೆಯ ದೂರುಗಳನ್ನು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸಬಹುದು.

ಸಂಪರ್ಕ

ತುರ್ತು ಕರೆ: 112. ಮಹಿಳಾ ಸಹಾಯವಾಣಿ: 181. ಮಕ್ಕಳ ಸಹಾಯವಾಣಿ: 1098. ಸೈಬರ್ ವಂಚನೆ: 1930. ಪ್ರವಾಸಿಗರ ಬಹುಭಾಷಾ ಸಹಾಯವಾಣಿ: 1363.

ನೋಂದಣಿ ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳ ಚಾಲ್ತಿಯಲ್ಲಿರುವ ಪಟ್ಟಿ ಹಾಗೂ ಶುಲ್ಕದ ವಿವರವನ್ನು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿ, ಕಾರವಾರ ಇಲ್ಲಿ ಕಚೇರಿ ವೇಳೆಯಲ್ಲಿ ಪಡೆಯಬಹುದು. ಮಧ್ಯವರ್ತಿಗಳಿಗೆ ಹಣ ನೀಡುವ ಅವಶ್ಯಕತೆ ಇರುವುದಿಲ್ಲ.